ಕುಡಿತ ಬಿಡಿಸುವವರ ದಣಿವು: ಓದುಗರ ಪ್ರಶ್ನೆ, ತಜ್ಞರ ಉತ್ತರ

ವ್ಯಸನಮುಕ್ತಿ ಕೇಂದ್ರಗಳಲ್ಲಿ ದುಡಿಯುವವರ ಬಳಲಿಕೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಕೌನ್ಸೆಲರುಗಳು, ನರ್ಸುಗಳು, ಅವರ ಮನೆಯವರು, ಕೇಂದ್ರ ನಡೆಸುವವರು ಎಲ್ಲರೂ ಬರೆದಿದ್ದಾರೆ. ಹೆಸರನ್ನೂ ಸಂಸ್ಥೆಯ ಗುರುತನ್ನೂ ತೆಗೆದಿದ್ದೇವೆ. ಮನೋವೈದ್ಯಕೀಯ, ಸಮಾಜಕಾರ್ಯ, ನರ್ಸಿಂಗ್ ಮೂರೂ ಕಡೆಯವರು ಸೇರಿ ಉತ್ತರ ಬರೆದಿದ್ದಾರೆ.

ಪ್ರಶ್ನೆ: ಆರು ವರ್ಷದಿಂದ ಕೌನ್ಸೆಲರ್ ಆಗಿದ್ದೇನೆ. ಒಬ್ಬ ರೋಗಿ ಐದನೇ ಸಲ ಅಡ್ಮಿಟ್ ಆಗಿದ್ದಾನೆ. ರಿಜಿಸ್ಟರಿನಲ್ಲಿ ಅವನ ಹೆಸರು ಕಂಡ ಕೂಡಲೇ ಮೈ ಉರಿಯಿತು. ಅವನ ಹೆಂಡತಿ ಎದುರಿಗೆ ಕೂತು ಅಳುತ್ತಿದ್ದರೆ ನನ್ನ ಕಣ್ಣು ಗಡಿಯಾರದ ಮೇಲೆ. ಮೊದಲು ನಾನು ಹೀಗಿರಲಿಲ್ಲ. ಇದು ಬರ್ನ್‌ಔಟೋ, ಖಿನ್ನತೆಯೋ, ಇಲ್ಲ ನಾನೇ ಕಲ್ಲಾಗಿಬಿಟ್ಟೆನೋ?
– ಕೌನ್ಸೆಲರ್, ದಾವಣಗೆರೆ

ಉತ್ತರ: ಬರ್ನ್‌ಔಟ್ ಎನ್ನುವ ಪದ ನಿಮ್ಮಂಥವರ ಕೆಲಸದ ಜಾಗದಿಂದಲೇ ಬಂದದ್ದು. 1970ರ ದಶಕದಲ್ಲಿ ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ಮಾದಕ ವ್ಯಸನಿಗಳ ನಡುವೆ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, ಡ್ರಗ್ಸ್‌ನಿಂದ ಸುಟ್ಟು ಕರಕಲಾದವರಿಗೆ ಬೀದಿಯಲ್ಲಿ ಬಳಸುತ್ತಿದ್ದ ಮಾತನ್ನೇ ಅಲ್ಲಿನ ಸಿಬ್ಬಂದಿಗೆ ಹಚ್ಚಿ 1974ರಲ್ಲಿ ಲೇಖನ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಇದನ್ನು ಕಾಯಿಲೆ ಎನ್ನುವುದಿಲ್ಲ. ಬಹುಕಾಲ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎನ್ನುತ್ತದೆ, ಮೂರು ಗುರುತು ಕೊಡುತ್ತದೆ: ಶಕ್ತಿಯೆಲ್ಲ ಬಸಿದುಹೋದ ಸುಸ್ತು, ಕೆಲಸದಿಂದ ಮನಸ್ಸು ದೂರ ಸರಿದು ಬರುವ ಕಹಿ, ನನ್ನಿಂದ ಏನೂ ಆಗುತ್ತಿಲ್ಲ ಎನ್ನುವ ಭಾವ. ‘ಬೇಸತ್ತು ಹೋದೆ’ ಎಂದು ನಾವು ಆಡುವ ಮಾತಿಗೆ ಮೊದಲನೆಯದಷ್ಟೇ ಸಿಗುತ್ತದೆ. ನೀವು ಬರೆದಿರುವುದು ಎರಡನೆಯದು. ಅಳುವವರ ಎದುರು ದಿನಕ್ಕೆ ಐದು ಗಂಟೆ ಕೂರುವ ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಬಾಗಿಲು ಹಾಕಿಕೊಳ್ಳುತ್ತದೆ. ಹಾಗಾಗಿ ಇದನ್ನು ಕೆಟ್ಟತನ ಎನ್ನಲಾಗದು. ಹಾಗಂತ ಹೀಗೇ ಬಿಟ್ಟರೆ ನಷ್ಟ ರೋಗಿಗೆ.

ಖಿನ್ನತೆಯಿಂದ ಬೇರ್ಪಡಿಸುವುದು ಹೇಗೆ? ನಾಲ್ಕೈದು ದಿನ ರಜೆ ಹಾಕಿ ಊರಿಗೆ ಹೋದಾಗ ಊಟ ರುಚಿಸಿ, ನಿದ್ದೆ ಬಂದು, ಮಕ್ಕಳ ಜೊತೆ ನಗು ಬಂದು, ಮರಳುವ ಹಿಂದಿನ ಸಂಜೆ ಹೊಟ್ಟೆಯಲ್ಲಿ ಸಂಕಟ ಶುರುವಾದರೆ ತೊಂದರೆಯ ಬೇರು ಕೆಲಸದಲ್ಲಿದೆ. ರಜೆಯಲ್ಲೂ ಯಾವುದೂ ಬೇಡವೆನಿಸಿ, ಬೆಳಗಿನ ಜಾವ ಎಚ್ಚರವಾಗಿ, ಬದುಕೇ ಭಾರವೆನಿಸುತ್ತಿದ್ದರೆ ಖಿನ್ನತೆಯ ಕಡೆಗೆ ನೋಡಬೇಕು. ಖಿನ್ನತೆ ಅಳೆಯಲು ರೋಗಿಗಳಿಗೆ ನೀವೇ ಹಾಕುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ನಿಮಗೆ ಹಾಕಿಕೊಳ್ಳಿ. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಿ. ಒಂಬತ್ತನೇ ಪ್ರಶ್ನೆಗೆ (ಸಾಯುವ ಯೋಚನೆ) ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಅಂದೇ ಕಾಣಿ. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ನೋಡಿಸಿ. ರಕ್ತಹೀನತೆಯನ್ನು ಬರ್ನ್‌ಔಟ್ ಎಂದುಕೊಂಡು ವರ್ಷ ಕಳೆಯುವವರೂ ಇದ್ದಾರೆ. ಖಿನ್ನತೆ, ಬರ್ನ್‌ಔಟ್ ಎರಡೂ ಒಟ್ಟಿಗೆ ಇರುವುದೂ ಉಂಟು.

ಇನ್ನು ಆ ಐದನೇ ಸಲದವನ ವಿಷಯ. ವ್ಯಸನದಲ್ಲಿ ಮರುಕಳಿಕೆಯ ಪ್ರಮಾಣ 40ರಿಂದ 60 ಶೇಕಡಾ ಎಂದು ಲೆಕ್ಕ. ಬಿಪಿ, ಆಸ್ತಮಾ ರೋಗಿಗಳು ಮಾತ್ರೆ ಬಿಟ್ಟು ಮತ್ತೆ ಹದಗೆಡುವುದೂ ಹೆಚ್ಚುಕಡಿಮೆ ಇಷ್ಟೇ, ಇನ್ನೂ ತುಸು ಹೆಚ್ಚು. ಬಿಪಿ ಏರಿಸಿಕೊಂಡು ಬಂದವನನ್ನು ಕಂಡು ಯಾವ ವೈದ್ಯರಿಗೂ ಮೈ ಉರಿಯುವುದಿಲ್ಲ. ನಿಮಗೆ ಉರಿಯುತ್ತದೆ, ಏಕೆಂದರೆ ಅವನು ಕುಡಿಯದೆ ಇರುವುದನ್ನು ನಿಮ್ಮ ಕೆಲಸದ ಕೂಲಿ ಎಂದು ಲೆಕ್ಕ ಹಾಕಿಬಿಟ್ಟಿದ್ದೀರಿ. ಆ ಕೂಲಿ ನಿಮ್ಮ ಕೈಗೆ ಸಿಗುವುದೂ ಕಷ್ಟ. ಚೆನ್ನಾಗಿ ಆದವನು ಕೇಂದ್ರದ ಬೀದಿಗೂ ಬರುವುದಿಲ್ಲ, ಬಿದ್ದವನು ಮಾತ್ರ ಮತ್ತೆ ಬರುತ್ತಾನೆ. ಹೀಗೆ ಆರು ವರ್ಷದಲ್ಲಿ ನಿಮ್ಮ ಕಣ್ಣಿಗೆ ಬಿದ್ದವರೆಲ್ಲ ಸೋತವರೇ.

ಇದಕ್ಕೆ ಎರಡು ಕೆಲಸ. ಒಂದು, ಅವನ ಹಳೆಯ ನಾಲ್ಕು ಕೇಸ್‌ಶೀಟ್ ತೆಗೆದು ಒಂದು ಹಾಳೆಯಲ್ಲಿ ಬರೆಯಿರಿ: ಪ್ರತಿ ಡಿಸ್ಚಾರ್ಜ್ ಆದಮೇಲೆ ಎಷ್ಟು ದಿನ ಕುಡಿಯದೆ ಇದ್ದ, ಮೊದಲ ಗುಟುಕು ಎಲ್ಲಿ, ಯಾರ ಜೊತೆ, ಆಗ ಮಾತ್ರೆ ನಡೆಯುತ್ತಿತ್ತೇ. 12 ದಿನ, 40 ದಿನ, 35 ದಿನ, 5 ತಿಂಗಳು ಎಂದು ಬಂದರೆ ನಿಮ್ಮೆದುರು ಇರುವವನು ಸೋತವನಲ್ಲ. ಆ 5 ತಿಂಗಳಲ್ಲಿ ಏನು ಸರಿಯಿತ್ತು ಎನ್ನುವುದೇ ಈ ಸಲದ ಮೊದಲ ಸೆಷನ್. ಲಿವರಿನ ಚಿತ್ರ ತೋರಿಸುವ ಪಾಠ ಅವನಿಗೆ ಬಾಯಿಪಾಠವಾಗಿದೆ, ಬಿಟ್ಟುಬಿಡಿ. ಅವನು ‘ಬಿಡಬೇಕು’ ಅನ್ನುವ ಮೊದಲೇ ನೀವು ಹತ್ತು ಕಾರಣ ಕೊಟ್ಟರೆ ಅವನ ಪಾಲಿಗೆ ಉಳಿಯುವುದು ‘ಆದರೆ ಸಾರ್’ ಮಾತ್ರ. ಆ ಹಗ್ಗಜಗ್ಗಾಟದಲ್ಲೇ ನಿಮ್ಮ ಅರ್ಧ ಶಕ್ತಿ ಸೋರುವುದು. ಮಿಲ್ಲರ್ ಮತ್ತು ರೋಲ್‌ನಿಕ್ ರೂಪಿಸಿದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ (ಬಿಡಬೇಕಾದ ಕಾರಣವನ್ನು ರೋಗಿಯ ಬಾಯಿಂದಲೇ ಹೊರಡಿಸುವ ಮಾತಿನ ಕ್ರಮ) ಕಲಿತವರು ರೋಗಿಗೆ ಎಷ್ಟು ಉಪಕಾರ ಮಾಡುತ್ತಾರೋ ತಮ್ಮ ಗಂಟಲಿಗೂ ಅಷ್ಟೇ ಮಾಡಿಕೊಳ್ಳುತ್ತಾರೆ.

ಎರಡು, ತಿಂಗಳಿಗೊಮ್ಮೆ ಒಂದು ಗಂಟೆ ಮೀಸಲಿಟ್ಟು, ಆರು ತಿಂಗಳ ಹಿಂದೆ ಡಿಸ್ಚಾರ್ಜ್ ಆದವರ ಪಟ್ಟಿಯಿಂದ ಸಾಲಾಗಿ ಹತ್ತು ಜನಕ್ಕೆ ಫೋನ್ ಮಾಡಿ. ಆರಿಸಬೇಡಿ, ಸಾಲಾಗಿ. ಫಾಲೋಅಪ್ ದಾಖಲೆಯೂ ಆಯಿತು, ಚೆನ್ನಾಗಿ ಇರುವವರ ದನಿಯೂ ಕಿವಿಗೆ ಬಿತ್ತು.

ಪ್ರಶ್ನೆ: ರಾತ್ರಿ ಹನ್ನೊಂದಕ್ಕೂ ಮನೆಯವರು ವಾಟ್ಸ್ಯಾಪ್ ಕಾಲ್ ಮಾಡುತ್ತಾರೆ. ಎತ್ತದಿದ್ದರೆ ಪಾಪಪ್ರಜ್ಞೆ, ಎತ್ತಿದರೆ ನಿದ್ದೆ ಹೋಯಿತು.
– ಸಮಾಜಕಾರ್ಯಕರ್ತೆ, ತುಮಕೂರು

ಉತ್ತರ: ಸ್ವಂತ ನಂಬರ್ ಕೊಡುವುದನ್ನು ಇವತ್ತಿಗೆ ನಿಲ್ಲಿಸಿ. ಕೇಂದ್ರದ ಹೆಸರಿನಲ್ಲಿ ಒಂದು ಸಿಮ್, ಒಂದು ಸಾದಾ ಫೋನ್. ಅದು ಡ್ಯೂಟಿಯಲ್ಲಿ ಇರುವವರ ಕೈಯಲ್ಲಿ ಇರಲಿ, ಹ್ಯಾಂಡೋವರ್ ಜೊತೆ ಕೈ ಬದಲಾಗಲಿ. ಈಗಾಗಲೇ ನಿಮ್ಮ ನಂಬರ್ ಇರುವವರಿಗೆ ಒಂದೇ ಸಂದೇಶ: ‘ನಮಸ್ಕಾರ ಅಮ್ಮ, ಸಂಜೆ 6ರ ನಂತರ ಈ ಫೋನ್ ಬಂದ್ ಇರುತ್ತದೆ. ತುರ್ತಿದ್ದರೆ ಕೇಂದ್ರದ ನಂಬರಿಗೆ ಮಾಡಿ. ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಮಾಡಿ.’ ಮೊದಲ ಎರಡು ವಾರ ಗೊಣಗುತ್ತಾರೆ. ಒಂದು ಸಲ ಎತ್ತಿದಿರೋ, ಎರಡು ವಾರ ಮತ್ತೆ ಒಂದರಿಂದ ಶುರು.

ಪ್ರಶ್ನೆ: ಡಿಟಾಕ್ಸ್ ವಾರ್ಡಿನಲ್ಲಿ 20 ಹಾಸಿಗೆ, ರಾತ್ರಿ ನಾನೊಬ್ಬಳೇ ನರ್ಸ್, ಒಬ್ಬ ಅಟೆಂಡರ್. ತಿಂಗಳಿಗೆ ಹತ್ತು–ಹನ್ನೆರಡು ನೈಟ್, ಒಮ್ಮೊಮ್ಮೆ ಏಳು ಒಟ್ಟಿಗೆ. ಬೆಳಿಗ್ಗೆ ಸ್ಕೂಟಿ ಓಡಿಸುವಾಗ ಎರಡು ಸಲ ತೂಕಡಿಕೆ ಬಂತು. ಇದನ್ನು ತಡೆದುಕೊಳ್ಳಲು ಧ್ಯಾನ ಮಾಡಿದರೆ ಸಾಕೇ?
– ಸ್ಟಾಫ್ ನರ್ಸ್, ಹುಬ್ಬಳ್ಳಿ

ಉತ್ತರ: ಸಾಲದು. ಏಳು ರಾತ್ರಿ ಒಟ್ಟಿಗೆ ಹಾಕಿದ ರೋಸ್ಟರನ್ನು ಯಾವ ಧ್ಯಾನವೂ ಸರಿಮಾಡುವುದಿಲ್ಲ. ಮೊದಲು ಸ್ಕೂಟಿ: ನೈಟ್ ಮುಗಿದ ಬೆಳಿಗ್ಗೆ ಓಡಿಸಬೇಡಿ. ಬಸ್ಸು, ಆಟೊ, ಮನೆಯವರು, ಯಾವುದಾದರೂ ಸರಿ. ಬೇರೆ ದಾರಿಯೇ ಇಲ್ಲದಿದ್ದರೆ ಹೊರಡುವ ಮುಂಚೆ ಡ್ಯೂಟಿ ರೂಮಿನಲ್ಲಿ 20 ನಿಮಿಷ ಮಲಗಿ, ಎದ್ದು ಮುಖ ತೊಳೆದು ಹೊರಡಿ.

ಈಗ ವಾರ್ಡು. ಮದ್ಯದ ವಿತ್‌ಡ್ರಾವಲ್‌ಗೆ, ಅಂದರೆ ಕುಡಿತ ನಿಂತಾಗ ದೇಹ ತೋರುವ ತೊಂದರೆಗೆ, ಒಂದು ವೇಳಾಪಟ್ಟಿ ಇದೆ. ಕೊನೆಯ ಗುಟುಕಿನಿಂದ 6 ಗಂಟೆ ಕಳೆದ ಮೇಲೆ ಕೈನಡುಕ, ಬೆವರು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ 6ರಿಂದ 48 ಗಂಟೆಯೊಳಗೆ. ಇಲ್ಲದ್ದನ್ನು ಕಾಣುವ, ಹಾಸಿಗೆ ಬಿಟ್ಟು ಓಡುವ ಸನ್ನಿ, ಅಂದರೆ ಡಿಟಿ, 48ರಿಂದ 96 ಗಂಟೆಯ ನಡುವೆ. ಭಾನುವಾರ ರಾತ್ರಿ 10ಕ್ಕೆ ಕೊನೆಯದಾಗಿ ಕುಡಿದು ಸೋಮವಾರ ಬೆಳಿಗ್ಗೆ ದಾಖಲಾದವನ ಫಿಟ್ಸ್ ಭಯ ಮಂಗಳವಾರ ರಾತ್ರಿಯವರೆಗೆ, ಸನ್ನಿಯ ಭಯ ಅಲ್ಲಿಂದ ಗುರುವಾರ ರಾತ್ರಿಯವರೆಗೆ. ಸೋಮವಾರ ಒಂದೇ ದಿನ ಎಂಟು ಜನರನ್ನು ಸೇರಿಸಿಕೊಂಡರೆ ಮಂಗಳವಾರ, ಬುಧವಾರದ ರಾತ್ರಿ ಎಂಟೂ ಮಂಚ ಒಟ್ಟಿಗೆ ಅಲುಗುತ್ತವೆ. ನಿಮ್ಮ ಇನ್‌ಚಾರ್ಜ್ ಮುಂದೆ ಕಳೆದ ಎರಡು ತಿಂಗಳ ಅಡ್ಮಿಷನ್ ರಿಜಿಸ್ಟರನ್ನೂ ಘಟನೆಗಳ ಪುಸ್ತಕವನ್ನೂ ಪಕ್ಕಪಕ್ಕ ಇಡಿ, ವಾರದ ದಿನಗಳ ಪ್ರಕಾರ ಎಣಿಸಿ. ‘ನನಗೆ ಆಗುತ್ತಿಲ್ಲ ಸಾರ್’ ಎನ್ನುವ ಮಾತಿಗಿಂತ ಈ ಎಣಿಕೆಗೆ ತೂಕ ಹೆಚ್ಚು. ಕೇಳಬೇಕಾದದ್ದು ಎರಡು: ತುರ್ತಲ್ಲದ ಅಡ್ಮಿಷನ್ನುಗಳನ್ನು ದಿನಕ್ಕೆ ಇಂತಿಷ್ಟು ಎಂದು ವಾರಕ್ಕೆ ಹಂಚುವುದು, ಭಾರದ ರಾತ್ರಿಗಳಿಗೆ ಎರಡನೇ ನರ್ಸ್ ಹಾಕುವುದು. ಹಗುರ ರಾತ್ರಿಗೂ ಭಾರದ ರಾತ್ರಿಗೂ ಒಂದೇ ಲೆಕ್ಕದಲ್ಲಿ ಜನ ಹಾಕುವುದೇ ಮೂಲ ತಪ್ಪು.

ನಿಮ್ಮ ಟೇಬಲ್ ಎದುರು ಒಂದು ಬೋರ್ಡ್ ಇರಲಿ. ಹಾಸಿಗೆ ನಂಬರ್, ಕೊನೆಯದಾಗಿ ಕುಡಿದ ಗಂಟೆ (ದಾಖಲಾದ ಗಂಟೆ ಅಲ್ಲ, ಈ ತಪ್ಪು ಬಹಳ ಕಡೆ ಆಗುತ್ತದೆ), ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದಿತ್ತೇ, ಕಡೆಯ ಸಿವಾ ಅಂಕ (ವಿತ್‌ಡ್ರಾವಲ್ ಎಷ್ಟು ತೀವ್ರ ಎಂದು ಅಳೆಯುವ ಪಟ್ಟಿಯದು). ಸಿವಾದಲ್ಲಿ 10 ಅಂಶಗಳಿವೆ, ಒಟ್ಟು 67 ಅಂಕ. ಸುಮಾರು 8ರ ಕೆಳಗಿದ್ದರೆ ನಿಗಾ ಸಾಕು. ಯಾವ ಅಂಕಕ್ಕೆ ಎಷ್ಟು ಮಾತ್ರೆ, ಯಾವ ಅಂಕ ದಾಟಿದರೆ ವೈದ್ಯರನ್ನು ಎಬ್ಬಿಸಬೇಕು ಎನ್ನುವುದನ್ನು ವೈದ್ಯರು ಸಂಜೆಯೇ ಕೇಸ್‌ಶೀಟಿನಲ್ಲಿ ಬರೆದು ಸಹಿ ಮಾಡಿ ಹೋಗಬೇಕು. ರಾತ್ರಿ ಎರಡು ಗಂಟೆಗೆ ‘ಫೋನ್ ಮಾಡಲೋ ಬೇಡವೋ, ಬೈಯುತ್ತಾರೋ’ ಎಂದು ತೊಳಲಾಡುವುದು ಕೆಲಸದ ಭಾರಕ್ಕಿಂತ ಹೆಚ್ಚು ಸುಡುತ್ತದೆ. ಹೊಣೆ ನಿಮ್ಮದು, ಅಧಿಕಾರ ನಿಮ್ಮದಲ್ಲ ಎನ್ನುವ ಸ್ಥಿತಿ ಅದು. ಆದರೆ ಗೊಂದಲದಲ್ಲಿ ಇರುವವನ, ಉತ್ತರ ಹೇಳಲಾಗದವನ ಸಿವಾ ಅಂಕವನ್ನು ನಂಬಬೇಡಿ, ನೇರ ವೈದ್ಯರನ್ನು ಕರೆಯಿರಿ.

ರೋಸ್ಟರಿಗೆ ಬೇಡಿಕೆ ಇಡುವಾಗ ಇಷ್ಟನ್ನು ಬರೆದುಕೊಡಿ: ಒಟ್ಟಿಗೆ ಮೂರು ನೈಟ್ ಮೀರಬಾರದು, ಕಡೆಯ ನೈಟ್ ಆದಮೇಲೆ ಪೂರ್ತಿ 48 ಗಂಟೆ ಬಿಡುವು, ಯಾವ ಎರಡು ಪಾಳಿಯ ನಡುವೆಯೂ ಕನಿಷ್ಠ 11 ಗಂಟೆ, ಪಾಳಿ ಬದಲಾಗುವುದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎನ್ನುವ ಕ್ರಮದಲ್ಲಿ, ಹಿಂದುಮುಂದಾಗಿ ಅಲ್ಲ. ರಾತ್ರಿ ಒಂದರಿಂದ ಮೂರರ ನಡುವೆ 20 ನಿಮಿಷದ ನಿದ್ದೆ ರೋಸ್ಟರಿನಲ್ಲೇ ಇರಲಿ, ಆ ಹೊತ್ತಿಗೆ ವಾರ್ಡ್ ನೋಡುವವರು ಯಾರು ಎನ್ನುವ ಹೆಸರಿನ ಸಮೇತ. ಕಡೆಯ ಚಹಾ ಎರಡು ಗಂಟೆಗೆ. ಮನೆ ಸೇರಿದ ಮೇಲೆ ತಿಂಡಿ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಟ್ಟೆ ನೆನೆಹಾಕಿ ಮಲಗೋಣ ಎಂದರೆ ಹನ್ನೊಂದಾಗುತ್ತದೆ, ಬಿಸಿಲಿಗೆ ನಿದ್ದೆ ಹತ್ತುವುದಿಲ್ಲ. ನೈಟ್ ಇರುವ ದಿನಗಳ ಬೆಳಗಿನ ಅಡುಗೆ ನಿಮ್ಮದಲ್ಲ ಎನ್ನುವುದನ್ನು ಅತ್ತೆ, ಯಜಮಾನರ ಜೊತೆ ಕೂತು ಮಾತಾಡಿ ಮುಗಿಸಿ. ಕಿಟಕಿಗೆ ಕಪ್ಪು ಪರದೆ, ಫೋನ್ ಬೇರೆ ಕೋಣೆಯಲ್ಲಿ.

ಪ್ರಶ್ನೆ: ನಮ್ಮ ಯಜಮಾನರು ಕುಡಿತ ಬಿಡಿಸುವ ಕೇಂದ್ರದಲ್ಲಿ ವಾರ್ಡನ್. ಮೊದಲು ಬಂದ ಕೂಡಲೇ ಕತೆ ಹೇಳುತ್ತಿದ್ದರು, ಈಗ ಮಾತೇ ಇಲ್ಲ. ಪಿಯುಸಿ ಓದುವ ಮಗ ಬಾಗಿಲು ದಾಟಿದ ಕೂಡಲೇ ಹತ್ತಿರ ಕರೆದು ಬಾಯಿ ಮೂಸುತ್ತಾರೆ. ಇನ್ನೊಂದು ಹೇಳಲು ನಾಚಿಕೆ. ಮೂರು ತಿಂಗಳಿಂದ ನಿದ್ದೆಗೆಂದು ಅವರೇ ಶುರು ಮಾಡಿದ್ದಾರೆ, ಮೊದಲು ಶನಿವಾರ ಮಾತ್ರ, ಈಗ ವಾರಕ್ಕೆ ನಾಲ್ಕು ದಿನ.
– ಒಬ್ಬ ಗೃಹಿಣಿ, ಮಂಡ್ಯ ಜಿಲ್ಲೆ

ಉತ್ತರ: ಅಮ್ಮ, ನಾಚಿಕೆಪಡುವಂಥದ್ದು ಇದರಲ್ಲಿ ಇಲ್ಲ. ದಿನವಿಡೀ ಚೀಲ ತಡಕುವ, ಬಾಯಿ ಮೂಸುವ, ‘ಕುಡಿದಿಲ್ಲ ಸಾರ್’ ಎನ್ನುವುದನ್ನು ನಂಬದೆ ಇರುವ ಕೆಲಸ ಅವರದು. ಆ ಕಣ್ಣು ಮನೆಗೂ ಬರುತ್ತದೆ. ಮಗನ ವಿಷಯದಲ್ಲಿ ಅವರಿಗೆ ಒಂದೇ ಮಾತು ಹೇಳಿ: ಅನುಮಾನ ಬಂದರೆ ಕೇಳಿ, ಮೂಸಬೇಡಿ. ಮಗನಿಗೂ ಅಪ್ಪನ ಕೆಲಸ ಎಂಥದ್ದು ಎಂದು ಬಿಡಿಸಿ ಹೇಳಿ.

ಕುಡಿತದ ಮಾತು ಅವರು ಕುಡಿದಿರುವಾಗ ಬೇಡ, ಡ್ಯೂಟಿಯಿಂದ ಬಂದ ಕೂಡಲೇ ಬೇಡ. ರಜೆಯ ದಿನ ಬೆಳಿಗ್ಗೆ, ಊಟದ ಹೊತ್ತಿಗೆ ಮುಂಚೆ. ‘ನೀವೂ ಅವರ ಹಾಗೇ ಆದಿರಿ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ನಿಮಗೆ ನಿದ್ದೆ ಬರುತ್ತಿಲ್ಲ, ಅದಕ್ಕೆ ಡಾಕ್ಟರ ಹತ್ತಿರ ಹೋಗೋಣ’ ಎಂದು ನಿದ್ದೆಯಿಂದ ಶುರುಮಾಡಿ. ಅದು ಸುಳ್ಳೂ ಅಲ್ಲ. ಮದ್ಯ ಬೇಗ ಮಲಗಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆ ಒಡೆದು ಹಾಕುತ್ತದೆ. ಮೂರು ಗಂಟೆಗೆ ಎಚ್ಚರವಾಗುವುದು ಅದಕ್ಕೇ. ಕುಡಿತ ಎಷ್ಟರಮಟ್ಟಿಗೆ ಅಪಾಯ ಎಂದು ಅಳೆಯುವ ಆಡಿಟ್ ಎನ್ನುವ ಹತ್ತು ಪ್ರಶ್ನೆಗಳ ಪಟ್ಟಿ ಅವರಿಗೆ ಗೊತ್ತಿರುತ್ತದೆ. 40ರಲ್ಲಿ 8 ಅಥವಾ ಹೆಚ್ಚು ಬಂದರೆ ಎಚ್ಚರಿಕೆ, 20 ಅಥವಾ ಹೆಚ್ಚು ಬಂದರೆ ಅವಲಂಬನೆಯ ಶಂಕೆ.

ತೋರಿಸುವುದು ಅವರು ಕೆಲಸ ಮಾಡುವ ಕೇಂದ್ರದಲ್ಲಿ ಬೇಡ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು, ಬೆಂಗಳೂರಿಗೆ ಹೋಗುವುದಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಹೋಗುವ ಮೊದಲು ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ. ಅಲ್ಲಿಗೆ ನೀವೂ ಕರೆ ಮಾಡಬಹುದು. ಒಂದು ಎಚ್ಚರಿಕೆ: ದಿನವೂ ಕುಡಿಯುವ ಮಟ್ಟಕ್ಕೆ ಹೋಗಿ ಬೆಳಿಗ್ಗೆ ಕೈ ನಡುಗುತ್ತಿದ್ದರೆ, ಆಣೆ ಪ್ರಮಾಣ ಮಾಡಿಸಿ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು. ವೈದ್ಯರ ಕೈಯಲ್ಲಿ ನಿಲ್ಲಲಿ.

ಪ್ರಶ್ನೆ: ನಾನೇ ನಾಲ್ಕು ವರ್ಷದಿಂದ ಕುಡಿತ ಬಿಟ್ಟವನು. ಅದೇ ಅನುಭವದ ಮೇಲೆ ಕೆಲಸ ಕೊಟ್ಟರು. ಕೇಂದ್ರದಲ್ಲೇ ವಾಸ, 24 ಗಂಟೆ ಡ್ಯೂಟಿ ಎಂದರೂ ಸರಿ. ‘ನಿನ್ನನ್ನು ನೋಡಿ ಅವರು ಕಲಿಯಬೇಕು’ ಅನ್ನುತ್ತಾರೆ. ಈಚೆಗೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಬೆಂಬಲದ ಗುಂಪು) ಮೀಟಿಂಗಿಗೆ ಹೋಗಲೂ ಬೇಜಾರು.
– ಪಿಯರ್ ಕೌನ್ಸೆಲರ್, ಶಿವಮೊಗ್ಗ

ಉತ್ತರ: ಈ ಸಂಚಿಕೆಯ ಪತ್ರಗಳಲ್ಲಿ ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ನಿಮ್ಮದು. ಮೀಟಿಂಗ್ ಬೇಜಾರಾಗುವುದಕ್ಕೆ ಕಾರಣ ಸರಳ: ಅಲ್ಲೂ ನೀವು ಡ್ಯೂಟಿಯಲ್ಲೇ ಇದ್ದೀರಿ. ಬೆಳಿಗ್ಗೆ ಗುಂಪಿನಲ್ಲಿ ಯಾರಿಗೆ ಪಾಠ ಹೇಳಿದಿರೋ ಅವನೇ ಸಂಜೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದರೆ ‘ನಿನ್ನೆ ನನಗೆ ಕುಡಿಯಬೇಕೆನಿಸಿತು’ ಎಂದು ಬಾಯಿ ಬಿಡುವುದು ಹೇಗೆ? ನಿಮ್ಮ ಸ್ವಂತ ಮೀಟಿಂಗ್ ಬೇರೆ ಬಡಾವಣೆಯಲ್ಲಿ, ಬೇಕಾದರೆ ಬೇರೆ ಊರಿನಲ್ಲಿ ಇರಲಿ. ವಾರಕ್ಕೆ ಎರಡು, ಡ್ಯೂಟಿ ಚಾರ್ಟಿನಲ್ಲಿ ಬರೆಸಿದ ಸಮಯದಲ್ಲಿ. ನಿಮ್ಮ ಸ್ಪಾನ್ಸರ್ (ಎಎಯಲ್ಲಿ ನಿಮಗೆ ದಾರಿ ತೋರುವ ಹಳೆಯ ಸದಸ್ಯ) ನಿಮ್ಮ ಬಾಸ್ ಆಗಿರಬಾರದು, ಸಂಬಳ ಕೊಡುವವರಿಗೆ ಮನಸ್ಸು ಬಿಚ್ಚುವುದು ಯಾರಿಂದಲೂ ಆಗದು. ಎಎಯ ಹನ್ನೆರಡನೇ ಹೆಜ್ಜೆ ಇನ್ನೊಬ್ಬ ವ್ಯಸನಿಗೆ ಸಂದೇಶ ಮುಟ್ಟಿಸುವುದು. ಅದರ ಎಂಟನೇ ಸಂಪ್ರದಾಯವೇ ಆ ಸೇವೆಯನ್ನು ವೃತ್ತಿಯಿಂದ ಬೇರೆ ಇಟ್ಟಿದೆ. ನೀವು ಸಂಬಳಕ್ಕೆ ಮಾಡುವುದು ಕೆಲಸ. ಅದಕ್ಕೆ ಗಂಟೆಗಳಿರಬೇಕು, ರಜೆ ಇರಬೇಕು.

ಕೇಂದ್ರದಿಂದ ಹೊರಗೆ ಒಂದು ಕೋಣೆ ಹಿಡಿಯಿರಿ, ಹಂಚಿಕೊಂಡಾದರೂ ಸರಿ. ಆಡಳಿತದ ಜೊತೆ ಒಂದು ಹಾಳೆ ಬರೆದು ಸಹಿ ಹಾಕಿಸಿ: ನನಗೆ ಮರುಕಳಿಸಿದರೆ ಯಾರಿಗೆ ಮೊದಲು ತಿಳಿಸುತ್ತೇನೆ, ಚಿಕಿತ್ಸೆ ಯಾವ ಬೇರೆ ಕೇಂದ್ರದಲ್ಲಿ, ಎಷ್ಟು ದಿನ ರಜೆ, ಯಾವ ಷರತ್ತಿನ ಮೇಲೆ ವಾಪಸ್ ಕೆಲಸ. ಕೆಲಸ ಹೋಗುವ ಭಯ ಇದ್ದವನು ಮೊದಲ ಗುಟುಕನ್ನು ಮುಚ್ಚಿಡುತ್ತಾನೆ, ಮುಚ್ಚಿಟ್ಟದ್ದು ಬೆಳೆಯುತ್ತದೆ. ಹಸಿವು, ಕೋಪ, ಒಂಟಿತನ, ದಣಿವು: ಈ ನಾಲ್ಕನ್ನು ರೋಗಿಗಳಿಗೆ ದಿನಾ ಹೇಳುತ್ತೀರಲ್ಲ, 24 ಗಂಟೆ ಡ್ಯೂಟಿ ನಾಲ್ಕನ್ನೂ ಒಟ್ಟಿಗೆ ತಂದಿಡುತ್ತದೆ.

ಪ್ರಶ್ನೆ: ಹೆರಾಯಿನ್ ಬಿಟ್ಟು ಮನೆಗೆ ಹೋಗಿದ್ದ 23ರ ಹುಡುಗ ಡಿಸ್ಚಾರ್ಜ್ ಆದ ಎರಡೇ ವಾರಕ್ಕೆ ಓವರ್‌ಡೋಸ್‌ನಿಂದ ತೀರಿಕೊಂಡ. ಅದೇ ಸಂಜೆ ಸಿಬ್ಬಂದಿಯನ್ನೆಲ್ಲ ಕೂರಿಸಿ ‘ಒಬ್ಬೊಬ್ಬರಾಗಿ ಅನಿಸಿದ್ದು ಹೇಳಿ’ ಎಂದರು. ನನಗೆ ಬಾಯೇ ಬರಲಿಲ್ಲ. ಈಗಲೂ ಡಿಸ್ಚಾರ್ಜ್ ಬರೆಯುವಾಗ ಕೈ ನಿಲ್ಲುತ್ತದೆ.
– ಮನಶ್ಶಾಸ್ತ್ರಜ್ಞೆ, ಮಂಗಳೂರು

ಉತ್ತರ: ಬಾಯಿ ಬರದಿದ್ದದ್ದು ತಪ್ಪಲ್ಲ. ಆಘಾತ ಆದ ಕೂಡಲೇ ಎಲ್ಲರನ್ನೂ ಕೂರಿಸಿ ಬಲವಂತವಾಗಿ ಮಾತಾಡಿಸುವ ಒಂದೇ ಸಲದ ಡಿಬ್ರೀಫಿಂಗ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮೊದಲ ದಿನ ಬೇಕಾದದ್ದು ಬೇರೆ: ಸುದ್ದಿ ಎಲ್ಲರಿಗೂ ಒಬ್ಬರೇ, ಒಂದೇ ಮಾತಿನಲ್ಲಿ ತಿಳಿಸುವುದು, ಆ ರೋಗಿಯನ್ನು ನೋಡಿಕೊಂಡವರ ಉಳಿದ ಡ್ಯೂಟಿಯನ್ನು ಬೇರೆಯವರು ಹೊರುವುದು, ಮನೆಯವರಿಗೆ ಯಾರು ಫೋನ್ ಮಾಡಬೇಕು ಎಂದು ನಿರ್ಧರಿಸುವುದು, ಕೇಸ್‌ಶೀಟಿಗೆ ಒಂದಕ್ಷರವೂ ಸೇರಿಸದೆ, ತೆಗೆಯದೆ ಎತ್ತಿಡುವುದು. ಹೆದರಿಕೆಯಲ್ಲಿ ಹಳೆಯ ತಾರೀಖು ಹಾಕಿ ಬರೆದ ಒಂದು ಸಾಲು ಆಮೇಲೆ ವರ್ಷಗಟ್ಟಲೆ ಕಾಡುತ್ತದೆ. ಮಾತಾಡಬೇಕೆನಿಸಿದವರಿಗೆ ಕಿವಿ ಇರಲಿ, ಬೇಡವೆಂದವರಿಗೆ ಬಿಡುವು.

ಎರಡು ಮೂರು ವಾರ ಬಿಟ್ಟು ಕೇಸನ್ನು ಓದಬೇಕು, ತಪ್ಪಿತಸ್ಥರನ್ನು ಹುಡುಕಲು ಅಲ್ಲ. ಓಪಿಯಾಯ್ಡ್ (ಹೆರಾಯಿನ್‌ನಂಥ ಅಫೀಮು ಜಾತಿಯ ಮಾದಕ) ಬಿಟ್ಟವರಿಗೆ ಡಿಸ್ಚಾರ್ಜ್ ನಂತರದ ಮೊದಲ ವಾರಗಳೇ ಹೆಚ್ಚು ಅಪಾಯ: ದೇಹದ ಸಹಿಷ್ಣುತೆ ಇಳಿದಿರುತ್ತದೆ, ಕೈ ಮಾತ್ರ ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತದೆ. ಈ ಮಾತನ್ನು ಡಿಸ್ಚಾರ್ಜ್ ದಿನ ರೋಗಿಗೂ ಮನೆಯವರಿಗೂ ಹೇಳಿದ್ದೆವೇ, ಓಪಿಯಾಯ್ಡ್ ಚಟಕ್ಕೆ ಕೊಡುವ ಬ್ಯುಪ್ರಿನಾರ್ಫಿನ್ ಔಷಧ ಮುಂದುವರಿಸುವ ಬಗ್ಗೆ ಚರ್ಚೆ ಆಗಿತ್ತೇ, ಮೊದಲ ವಾರದ ಫೋನ್ ಹೋಗಿತ್ತೇ. ಈ ಮೂರಕ್ಕೆ ಸಿಗುವ ಉತ್ತರದಿಂದ ನಿಮ್ಮ ಡಿಸ್ಚಾರ್ಜ್ ಹಾಳೆಗೆ ಒಂದು ಹೊಸ ಸಾಲು ಸೇರಲಿ. ಕೈ ನಿಲ್ಲುವುದು ಆಗ ಸಡಿಲವಾಗುತ್ತದೆ. ತಿಂಗಳು ಕಳೆದರೂ ಆ ಹುಡುಗ ಕನಸಿನಲ್ಲಿ ಬಂದು ಎಬ್ಬಿಸುತ್ತಿದ್ದರೆ, ಆ ಕೋಣೆ ದಾಟಲು ಆಗದಿದ್ದರೆ, ಅದು ಬರ್ನ್‌ಔಟ್ ಅಲ್ಲ, ಆಘಾತದ ಲಕ್ಷಣ. ಚಿಕಿತ್ಸೆ ಬೇರೆ ಇದೆ, ತಗೊಳ್ಳಿ.

ಪ್ರಶ್ನೆ: ಅನುದಾನಿತ 15 ಹಾಸಿಗೆಯ ಕೇಂದ್ರ ನಡೆಸುತ್ತೇನೆ. ಅನುದಾನ ತಡ, ಸಂಬಳ ತಡ. ಕೌನ್ಸೆಲರುಗಳು ವರ್ಷ ತುಂಬುವುದರೊಳಗೆ ಬಿಡುತ್ತಾರೆ. ಸಿಬ್ಬಂದಿಗೆ ಶನಿವಾರ ಯೋಗ ತರಗತಿ ಇಡೋಣವೆಂದಿದ್ದೇನೆ. ಸಲಹೆ ಕೊಡಿ.
– ಯೋಜನಾ ಸಂಯೋಜಕರು, ಕಲಬುರಗಿ

ಉತ್ತರ: ಯೋಗ ಒಳ್ಳೆಯದೇ. ಆದರೆ ಶನಿವಾರ ರಜೆ ಕೊಟ್ಟರೆ ಇನ್ನೂ ಒಳ್ಳೆಯದು.

ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿ ಮಾಡಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಅವರೂ ಮೈಕೆಲ್ ಲೈಟರ್ ಅವರೂ ಸೇರಿ ಕೆಲಸದ ಜಾಗದಲ್ಲಿ ನೋಡಬೇಕಾದ ಆರು ಕಡೆಗಳನ್ನು ಹೇಳಿದ್ದಾರೆ: ಕೆಲಸದ ಹೊರೆ, ಕೈಯಲ್ಲಿರುವ ಅಧಿಕಾರ, ಪ್ರತಿಫಲ, ಜೊತೆಗಾರರು, ನ್ಯಾಯ, ಮೌಲ್ಯ. ನಿಮ್ಮ ಪತ್ರದಲ್ಲಿ ಕಾಣುವುದು ಪ್ರತಿಫಲ ಒಂದೇ. ಉಳಿದ ಐದನ್ನು ಸರಿಮಾಡಲು ಅನುದಾನ ಕಾಯಬೇಕಾಗಿಲ್ಲ.

ಸಂಬಳದ ವಿಷಯದಲ್ಲಿ ಸಿಬ್ಬಂದಿಯನ್ನು ಸುಡುವುದು ತಡಕ್ಕಿಂತ ಕತ್ತಲು. ಕಡತ ಯಾವ ಟೇಬಲ್ ಮೇಲಿದೆ, ಯಾವ ದಾಖಲೆ ಬಾಕಿ, ಮುಂದಿನ ವಿಚಾರಣೆ ಯಾವ ದಿನ ಎಂದು ಪ್ರತಿ ತಿಂಗಳ 5ರಂದು ಎಲ್ಲರೆದುರು ಹೇಳಿ. ಇರುವ ಹಣ ಕಡಿಮೆಯಿದ್ದರೆ ಮೊದಲು ಅಟೆಂಡರ್, ಅಡುಗೆಯವರಿಗೆ, ಕಡೆಗೆ ನಿಮಗೆ. ಈ ಕ್ರಮ ಎಲ್ಲರಿಗೂ ಗೊತ್ತಿರಲಿ.

ಹೊರೆಯಲ್ಲಿ ಮೊದಲು ಕೈಹಾಕಬೇಕಾದದ್ದು ಕಾಗದ. ಒಬ್ಬ ರೋಗಿಯ ಹೆಸರು, ವಯಸ್ಸು, ಊರು, ಚಟ ಎಷ್ಟು ರಿಜಿಸ್ಟರಿನಲ್ಲಿ ಬರೆಯಲಾಗುತ್ತಿದೆ ಎಂದು ಎಣಿಸಿ. ಆರು ಏಳು ಸಿಕ್ಕರೆ ಆಶ್ಚರ್ಯಪಡಬೇಡಿ. ಕೇಳುವ ಇಲಾಖೆ ಯಾವುದು ಎಂದು ಪ್ರತಿಯೊಂದರ ಮುಂದೆ ಬರೆಯಿರಿ. ಯಾರೂ ಕೇಳದ್ದನ್ನು ನಿಲ್ಲಿಸಿ, ಉಳಿದವಕ್ಕೆ ಒಂದೇ ಇನ್‌ಟೇಕ್ ಫಾರಂ ಮಾಡಿ. ಇದರಿಂದ ಉಳಿದ ಹೊತ್ತನ್ನು ವಾರಕ್ಕೆ ಒಂದು ಗಂಟೆಯ ಸೂಪರ್‌ವಿಷನ್‌ಗೆ ಕೊಡಿ. ಸೂಪರ್‌ವಿಷನ್ ಎಂದರೆ ಹಾಜರಿ ನೋಡುವುದಲ್ಲ. ಒಬ್ಬ ಕೌನ್ಸೆಲರ್ ತನಗೆ ಕಷ್ಟವಾದ ಒಂದು ಕೇಸ್ ತಂದು, ಎಲ್ಲಿ ಸಿಕ್ಕಿಕೊಂಡೆ, ನನಗೆ ಯಾಕೆ ಸಿಟ್ಟು ಬಂತು ಎಂದು ಬಿಚ್ಚಿಡುವ ಜಾಗ. ಆದ್ದರಿಂದ ಅದನ್ನು ನೀವು ಮಾಡಬೇಡಿ. ರಜೆ ಮಂಜೂರು ಮಾಡುವವರ ಮುಂದೆ ಯಾರೂ ಸಿಟ್ಟು ಒಪ್ಪಿಕೊಳ್ಳುವುದಿಲ್ಲ. ಹತ್ತಿರದ ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗವನ್ನು ಕೇಳಿ, ವೀಡಿಯೊ ಕಾಲ್ ಆದರೂ ನಡೆಯುತ್ತದೆ.

ಹಾಸಿಗೆ 15 ಎಂದರೆ 15. ಹಬ್ಬ ಮುಗಿದ ವಾರ ನೆಲದ ಮೇಲೆ ಹಾಸಿ 22 ಮಾಡುವುದು ದಯೆಯಂತೆ ಕಾಣುತ್ತದೆ, ಮರುತಿಂಗಳು ಒಬ್ಬ ಕೌನ್ಸೆಲರ್ ರಾಜೀನಾಮೆ ಕೊಡುತ್ತಾರೆ. ಹೊರಗಿನ ಸಾಲು ಮುಗಿಯುವಂಥದ್ದಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ, ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದ್ದು 38ಕ್ಕೆ ಒಬ್ಬರಿಗೆ, ಒಳರೋಗಿಯಾಗಿ ಸಿಕ್ಕಿದ್ದು 180ಕ್ಕೆ ಒಬ್ಬರಿಗೆ. ಬೇಡಿಕೆ ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸುವ ಗೆರೆ ಎಳೆಯಬೇಕಾದವರು ನೀವು.

ಮೌಲ್ಯದ ಮಾತು ಯಾರೂ ಆಡುವುದಿಲ್ಲ, ಆದರೆ ಒಳ್ಳೆಯ ಕೌನ್ಸೆಲರುಗಳು ಮೊದಲು ಬಿಡುವುದು ಅದಕ್ಕೇ. ಓದಿ ಬಂದದ್ದು ಒಂದು, ಇಲ್ಲಿ ರೋಗಿಯನ್ನು ಕೂಡಿಹಾಕು, ಕಟ್ಟು, ಮನೆಯವರಿಗೆ ‘ಚೆನ್ನಾಗಿದ್ದಾನೆ’ ಅನ್ನು ಎಂದರೆ ರಾತ್ರಿ ನಿದ್ದೆ ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವ್ಯಸನ ಚಿಕಿತ್ಸೆಗೂ ಅನ್ವಯಿಸುತ್ತದೆ, ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ನಿಮ್ಮಲ್ಲಿ ಅಂಥದ್ದೇನಾದರೂ ನಡೆಯುತ್ತಿದ್ದರೆ ಯೋಗದ ಮಾತು ಆಮೇಲೆ.

ಇನ್ನು ಹಲ್ಲೆಯ ಭಯ. ಕೌನ್ಸೆಲಿಂಗ್ ಕೋಣೆಯಲ್ಲಿ ಬಾಗಿಲ ಕಡೆಯ ಕುರ್ಚಿ ಸಿಬ್ಬಂದಿಯದು. ಮೇಜಿನ ಮೇಲೆ ಗಾಜಿನ ಲೋಟ, ಪೇಪರ್‌ವೇಯ್ಟ್, ಕತ್ತರಿ ಇರಬಾರದು. ಒಳಗಿನಿಂದ ಚಿಲಕ ಬೇಡ. ಮೇಜಿನ ಕೆಳಗೆ ಒಂದು ಕರೆಗಂಟೆ, ಅದು ಬಾರಿಸಿದರೆ ಯಾರು ಓಡಿಬರಬೇಕು ಎನ್ನುವುದು ದಿನದ ಚಾರ್ಟಿನಲ್ಲಿ ಹೆಸರಿನ ಸಮೇತ. ಎಲ್ಲ ಸೇರಿ ಸಾವಿರ ರೂಪಾಯಿಯ ಆಚೀಚೆ ಖರ್ಚು.

ಮತ್ತೆ, ‘ಎಷ್ಟು ಜನ ಗುಣವಾದರು’ ಎಂದು ಸಿಬ್ಬಂದಿಯನ್ನು ಅಳೆಯುವುದನ್ನು ಬಿಡಿ. ಡಿಸ್ಚಾರ್ಜ್ ಆದವರಲ್ಲಿ 7ನೇ ದಿನ, 30ನೇ ದಿನ, 90ನೇ ದಿನ ಎಷ್ಟು ಜನರನ್ನು ಸಂಪರ್ಕಿಸಿದಿರಿ ಎಂದು ಕೇಳಿ. ಅದು ಅವರ ಕೈಯಲ್ಲಿದೆ.

ಪ್ರಶ್ನೆ: ಕೆಲಸ ಬಿಟ್ಟುಬಿಡಲೇ?
– ಕೌನ್ಸೆಲರ್, ಮೈಸೂರು

ಉತ್ತರ: ಈ ವಾರ ನಿರ್ಧರಿಸಬೇಡಿ, ಅದರಲ್ಲೂ ರೋಗಿಯೊಬ್ಬ ಮರುಕಳಿಸಿದ ವಾರ, ನೈಟ್ ಮುಗಿದ ಬೆಳಿಗ್ಗೆ ಬೇಡವೇ ಬೇಡ. ಬದಲಾಗಲೇಬೇಕಾದ ಒಂದೇ ಒಂದು ಸಂಗತಿಯನ್ನು ಬರೆದುಕೊಡಿ, ಮೂರು ತಿಂಗಳ ಗಡುವು ಹಾಕಿ. ವಾರ್ಡ್ ಬಿಟ್ಟು ಓಪಿಡಿಗೆ ಅಥವಾ ಶಾಲೆಗಳ ಜಾಗೃತಿ ಕಾರ್ಯಕ್ರಮಕ್ಕೆ ಆರು ತಿಂಗಳು ಹಾಕಿಸಿಕೊಳ್ಳುವುದೂ ಒಂದು ದಾರಿ. ಗಡುವು ಮುಗಿದರೂ ಏನೂ ಆಗದಿದ್ದರೆ ಬಿಡಿ, ಅದರಲ್ಲಿ ಅಪರಾಧ ಇಲ್ಲ.

ಬಿಡುವಾಗ ಕದ್ದು ಹೋದಂತೆ ಹೋಗಬೇಡಿ. ವ್ಯಸನಿಗಳನ್ನು ಹೀಗೆ ಬಿಟ್ಟುಹೋದವರು ಆಗಲೇ ಬಹಳ ಮಂದಿ ಇರುತ್ತಾರೆ. ಮೂರು ವಾರ ಮುಂಚೆ ಪ್ರತಿಯೊಬ್ಬ ರೋಗಿಗೂ ನೀವೇ ಹೇಳಿ, ಕಡೆಯ ಎರಡು ಸೆಷನ್‌ಗಳಲ್ಲಿ ಮುಂದೆ ನೋಡುವವರನ್ನು ಜೊತೆಗೆ ಕೂರಿಸಿಕೊಳ್ಳಿ. ಫಾಲೋಅಪ್ ಪಟ್ಟಿಯಲ್ಲಿ ಯಾರಿಗೆ ಯಾವ ಹೊತ್ತಿಗೆ ಫೋನ್ ಮಾಡಿದರೆ ಸಿಗುತ್ತಾರೆ, ಹೆಂಡತಿಯ ನಂಬರ್ ಯಾವುದು, ಅಣ್ಣನ ಹೆಸರು ಎತ್ತಬಾರದು ಎನ್ನುವಂಥ ಸಣ್ಣ ವಿಷಯಗಳನ್ನು ಬರೆದಿಡಿ. ಅವು ಯಾವ ಕೇಸ್‌ಶೀಟಿನಲ್ಲೂ ಇರುವುದಿಲ್ಲ, ನಿಮ್ಮ ತಲೆಯಲ್ಲಿ ಮಾತ್ರ ಇವೆ.